ತಿರುಗಿ ನೋಡುವ ಹಸು

"ಗುರುಗಳೇ, ನನ್ನ ಪದ್ಯಕ್ಕೆ ಜೀವವೇಕೆ ಬರಲಿಲ್ಲ?" ಎಂದು ಮಲ್ಲಿದೇವ ಕೇಳಿದ. "ಮಠದ ಗೋಡೆಯ ಮೇಲೆ ಊಟಕ್ಕೆ ಕಾದು ಕೂತ ಹೆಂಗಸಿನ ಚಿತ್ರವಿದೆಯಲ್ಲ, ಅದರ ಮುಂದೆ ಮೂರು ದಿನ ಕೂತು ಬರೆದೆ. ಅವಳ ಹದಿನಾರು ಬಳೆ, ಮುಂದೆ ಹಾಸಿದ ಎರಡು ಬಾಳೆಯೆಲೆ, ಬಾಗಿಲ ತೋರಣ, ಒಂದನ್ನೂ ಬಿಟ್ಟಿಲ್ಲ. ಆದರೂ ಕೇಳಿದವರೆಲ್ಲ ಆಕಳಿಸಿದರು. ಇನ್ನು ಪದ್ಯದ ಸಹವಾಸವೇ ಬೇಡ ಅನಿಸಿದೆ."

ಗುರುಗಳು ಒಂದು ಕತೆ ಹೇಳಿದರು.

ಒಂದೂರಿನಲ್ಲಿ ಒಬ್ಬ ಕವಿಯಿದ್ದ. ಹೊಗಳುವುದರಲ್ಲಿ ಅವನದು ಎತ್ತಿದ ಕೈ. ಆ ಊರಿನ ದನಗಳನ್ನು ಕಳ್ಳರು ಹೊಡೆದುಕೊಂಡು ಹೊರಟಾಗ, ಕೇತನೆಂಬ ದನಗಾಹಿ ಅಡ್ಡ ನಿಂತು, ದನಗಳನ್ನು ಬಿಡಿಸಿ ಸತ್ತ. ದನಗಳು ಊರಿಗೆ ಮರಳಿದವು. ಊರವರು ಅವನಿಗೊಂದು ವೀರಗಲ್ಲು ಮಾಡಿಸಿದರು. ಶಿಲ್ಪಿ ಕೆಳಗೆ ಕಾಳಗ ಮತ್ತು ದನಗಳು, ನಡುವೆ ವೀರನನ್ನು ಎತ್ತಿಕೊಂಡು ಹೋಗುವ ದೇವಕನ್ಯೆಯರು, ಮೇಲೆ ಶಿವನ ಸನ್ನಿಧಿ ಕೆತ್ತಿದ. ಅಕ್ಷರಕ್ಕೆಂದು ಆ ಸಾಲುಗಳ ನಡುನಡುವೆ ಎರಡು ಖಾಲಿ ಪಟ್ಟಿ ಬಿಟ್ಟ.

ಕವಿ ಕಲ್ಲನ್ನು ಅಡಿಯಿಂದ ಮುಡಿಯವರೆಗೆ ನೋಡಿದ. ಕಂಡದ್ದನ್ನೆಲ್ಲ ಆ ಪಟ್ಟಿಗಳ ಮೇಲೆ ಕಾವಿ ಬಣ್ಣದಲ್ಲಿ ಬರೆದ. ಹುರಿಮೀಸೆ, ಮಿಂಚುವ ಕತ್ತಿ, ಸಿಂಹದ ಎದೆ. ಹಸುಗಳನ್ನು ಎಣಿಸಿ ಏಳು ಎಂದೂ ಬರೆದ. ಎರಡು ಪಟ್ಟಿಯೂ ತುಂಬಿತು.

ಸತ್ತವನ ಮನೆಯವರು ಕೇಳಿ ಒಪ್ಪಿದ ಮೇಲೆಯೇ ಕಾವಿಯ ಮೇಲೆ ಉಳಿ ಇಡುವುದು ಆ ಸೀಮೆಯ ರೂಢಿ. ಕೇತನಿಗೆ ಇದ್ದವಳು ತಾಯಿ ಒಬ್ಬಳೇ. ಕವಿ ಅವಳನ್ನು ಕರೆಸಿ ರಾಗವಾಗಿ ಓದಿದ. ಅವಳು ಕೊನೆಯವರೆಗೂ ಕೇಳಿದಳು.

"ಚೆಂದಾಗೈತೆ ಸ್ವಾಮಿ. ಇವನು ಯಾರ ಮಗ?"

ಕವಿಗೆ ಸಿಟ್ಟು ನೆತ್ತಿಗೇರಿತು. "ಕಲ್ಲಲ್ಲಿ ಇರುವುದನ್ನೇ ಬರೆದಿದ್ದೇನಮ್ಮ. ಒಂದಿಷ್ಟೂ ಬಿಟ್ಟಿಲ್ಲ."

"ಕಲ್ಲಾಗೆ ಎಲ್ಲಾ ವೀರರಿಗೂ ಮೀಸೆ, ಕತ್ತಿ ಇರ್ತಾವೆ. ನನ್ನ ಕೇತನಿಗೆ ಇನ್ನೂ ಮೀಸೆ ಬಂದಿರಲಿಲ್ಲ. ಕೈಯಾಗೆ ಇದ್ದಿದ್ದು ಕೋಲು. ಇದನ್ನ ಕೊರೆದುಬಿಟ್ರೆ ನನ್ನ ಮಗ ಇನ್ನೊಂದು ಸಲ ಸತ್ತಂಗೆ."

ಅವಳು ಕಲ್ಲಿನ ಮೇಲೆ ಕೈಯಾಡಿಸಿದಳು. ಆ ಕೈ ಕೆಳಗಿನ ಮೂಲೆಯಲ್ಲಿ ನಿಂತಿತು. ಆರು ಹಸುಗಳು ಊರ ಕಡೆ ಮುಖ ಮಾಡಿದ್ದವು. ಒಂದು ಮಾತ್ರ ಕೊರಳು ತಿರುಗಿಸಿ ಹಿಂದೆ ನೋಡುತ್ತಿತ್ತು.

"ಇದು ನಮ್ಮ ಕೆಂದಿ" ಎಂದಳು. "ಹಿಂದೆ ಅವನು ಬರದೇ ಇದ್ರೆ ಇದು ಹಟ್ಟಿಗೆ ಕಾಲಿಡ್ತಿರಲಿಲ್ಲ. ಅವತ್ತಿನಿಂದ ಊರ ಬಾಗಿಲಾಗೆ ನಿಂತೈತೆ. ಮೇವು ಮುಟ್ಟಿಲ್ಲ."

ಕವಿಯ ಮುಖ ಸಣ್ಣದಾಯಿತು. ಆ ಹಸುವನ್ನು ಅವನೂ ನೋಡಿದ್ದ, ಲೆಕ್ಕಕ್ಕೆ ಸೇರಿಸಿ ಮುಂದೆ ಹೋಗಿದ್ದ. ತನ್ನ ಜಾಣತನದ ಮೇಲೆ ಅವನಿಗೇ ನಾಚಿಕೆಯಾಯಿತು. ನೀರು ತರಿಸಿ ಕಾವಿಯನ್ನೆಲ್ಲ ತೊಳೆದ. ಮತ್ತೆ ಬರೆಯಲು ಒಂದೇ ಪಟ್ಟಿ ಸಾಕಾಯಿತು.

"ದನಗಳು ಬಂದವು. ಕೇತ ಬರಲಿಲ್ಲ. ಕೆಂದಿ ತಿರುಗಿ ನೋಡುತ್ತಿದೆ."

ಮಗ ಸತ್ತ ದಿನವೂ ಅಳದಿದ್ದ ತಾಯಿ ಈಗ ಬಿಕ್ಕಿ ಬಿಕ್ಕಿ ಅತ್ತಳು. ಆಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು ಶಿಲ್ಪಿಗೆ ಹೇಳಿದಳು.

"ಹ್ಞೂಂ, ಇವನೇ. ಉಳಿ ಇಡಪ್ಪ."

ಗುರುಗಳು ಕತೆ ನಿಲ್ಲಿಸಿದರು. ಮಲ್ಲಿದೇವ ಅವರ ಮುಖವನ್ನೇ ನೋಡುತ್ತ ಕೂತಿದ್ದ.

"ಬಳೆ ಎಣಿಸಿದೆ, ಸರಿ, ಆ ಎರಡನೆಯ ಎಲೆ ಯಾರಿಗಪ್ಪ?" ಎಂದರು ಗುರುಗಳು.

ಮಲ್ಲಿದೇವ ಎದ್ದು ಮತ್ತೆ ಆ ಗೋಡೆಯ ಕಡೆ ನಡೆದ.