ಅಕ್ಕನಿಗೆ ಬರೆಯುವ ಪೆನ್ನು

"ಅಜ್ಜಾರ, ಬೆರಳಿಗೆ ನೋವಾಗದಂತೆ, ಕಾಗದದ ಮೇಲೆ ತಡೆಯದಂತೆ ಬರೆಯುವ ಬಾಲ್‌ಪೆನ್ನು ಎಲ್ಲಿ ಸಿಗುತ್ತದೆ?" ಎಂದು ಮಠದ ಶಿಷ್ಯ ಮಡಿವಾಳಯ್ಯ ತನ್ನ ಗುರುಗಳನ್ನು ಕೇಳಿದ.

ಅವನು ಬೆಳಗಿನಿಂದ ಒಂದೇ ಹಾಳೆಯ ಮುಂದೆ ಕುಳಿತಿದ್ದ. ಪೆನ್ನಿನ ಮೈಗೆ ಅರಿವೆ ಸುತ್ತಿದ್ದ. ತುದಿಯನ್ನು ಅಂಗೈಯಲ್ಲಿ ಉಜ್ಜಿ ಬಿಸಿ ಮಾಡಿದ್ದ. ಊದಿಯೂ ನೋಡಿದ್ದ. ಹಾಳೆ ಮಾತ್ರ ಬೆಳ್ಳಗೇ ಇತ್ತು. ಏನು ಬರೆಯುತ್ತಿದ್ದೀ ಎಂದು ಗುರುಗಳು ಕೇಳಲಿಲ್ಲ. ಇಂಥ ಪ್ರಶ್ನೆಗೆ ಒಂದು ಅಂಗಡಿಯ ಹೆಸರು ಹೇಳಿದರೆ ಸಾಕು. ಆದರೆ ಅವರು ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಗಡಿಯಾರ ರಿಪೇರಿಯವನಿದ್ದ. ಅವನ ಕೈ ಬಹಳ ಸೂಕ್ಷ್ಮ, ಬಾಯಿ ಅಷ್ಟಲ್ಲ. ಅಂದರೆ, ಚಕ್ರದ ಹಲ್ಲನ್ನು ಮುಟ್ಟುವ ಮೊದಲು ಎಷ್ಟೋ ಯೋಚಿಸುತ್ತಿದ್ದವನು ಮಾತನ್ನು ಯೋಚಿಸದೆ ಆಡಿಬಿಡುತ್ತಿದ್ದ. ಅಕ್ಕನ ಹೊಸ ಮನೆಯ ಗೃಹಪ್ರವೇಶದ ದಿನ, ಅವಳ ಗಂಡನ ಕಡೆಯವರೆಲ್ಲ ಊಟಕ್ಕೆ ಕುಳಿತಿದ್ದಾಗ, "ಈ ಬಾಗಿಲು ನಮ್ಮಕ್ಕನ ಹಾಗೇ. ತೆರೆದರೂ ಕಿರುಚುತ್ತದೆ, ಮುಚ್ಚಿದರೂ ಕಿರುಚುತ್ತದೆ" ಎಂದ. ಪಂಕ್ತಿಯೆಲ್ಲ ನಕ್ಕಿತು. ಅಕ್ಕ ನಗಲಿಲ್ಲ. ಅವನು ಹೊರಟಾಗ ಹೊಸ್ತಿಲಲ್ಲಿ ನಿಂತು, ನಿನ್ನ ಬಾಯಿಂದ ಕೇಳಿದ್ದು ಸಾಕು, ಇನ್ನು ಹೇಳುವುದೇನಾದರೂ ಇದ್ದರೆ ಬರೆದು ಕಳಿಸು ಎಂದಳು. ಅಂದಿನಿಂದ ಹೋಗಿಬರುವುದು ನಿಂತಿತು.

ಮುಂದೆ ಅವನಿಗೆ ಗಂಡುಮಗು ಹುಟ್ಟಿತು. ಆ ಸೀಮೆಯಲ್ಲಿ ತೊಟ್ಟಿಲಿಗೆ ಹಾಕುವ ದಿನ ಕೂಸಿನ ಕಿವಿಯಲ್ಲಿ 'ಕುರ್ರ್' ಎಂದು ಹೆಸರು ಹೇಳುವವಳು ಸೋದರತ್ತೆ, ಅಂದರೆ ತಂದೆಯ ಅಕ್ಕ ಅಥವಾ ತಂಗಿ. ಅವಳು ಬಗ್ಗಿ ಹೆಸರು ಹೇಳುವಾಗ ಉಳಿದ ಹೆಂಗಸರು ಅವಳ ಬೆನ್ನಿಗೆ ಗುದ್ದುತ್ತಾರೆ. ಅದು ಸಿಟ್ಟಿನ ಗುದ್ದಲ್ಲ, ಶಾಸ್ತ್ರದ ಗುದ್ದು. ಇವನಿಗೆ ಇದ್ದವಳು ಅವಳೊಬ್ಬಳೇ. ಅವಳು ಬಾರದೆ ಕೂಸಿಗೆ ಹೆಸರಿಲ್ಲ. ಇವನು ಬರೆಯದೆ ಅವಳು ಬರುವವಳಲ್ಲ.

ಅವನು ಅಂಚೆ ಕಾರ್ಡಿನ ಮೇಲೆ ಅಕ್ಕನ ವಿಳಾಸ ಬರೆದ. ತಿರುಗಿಸಿ, "ಅಕ್ಕನಿಗೆ ಸಾಷ್ಟಾಂಗ ನಮಸ್ಕಾರಗಳು. ಇತ್ತ ಎಲ್ಲರೂ ಕ್ಷೇಮ. ಅಂದು ನಾನು" ಎಂದು ಬರೆದ. ಅಲ್ಲಿಗೆ ಪೆನ್ನು ನಿಂತಿತು.

ಓಡುವುದು ನಿಂತರೆ ಒಳಗೆ ಕಸವಿದೆ ಎಂದು ಗಡಿಯಾರದವರು ತಿಳಿಯುತ್ತಾರೆ. ಅವನೂ ಹಾಗೇ ತಿಳಿದ. ಮೊದಲು ಪೆನ್ನಿನ ಮೈಯ ಮೂಲೆಗಳು ಬೆರಳಿಗೆ ಒತ್ತುತ್ತವೆ ಎಂದು ಅರದಿಂದ ಉಜ್ಜಿ ದುಂಡಗೆ ಮಾಡಿದ. ಬೆರಳು ಜಾರಬಾರದೆಂದು ಸೈಕಲ್ ಟ್ಯೂಬಿನ ಪಟ್ಟಿ ಸುತ್ತಿದ. ಹಿಂಭಾರ ಸಾಲದೆಂದು ಬಾಲಕ್ಕೆ ಸೀಸದ ಚೂರು ತುರುಕಿದ. ಬಾಲ್‌ಪೆನ್ನಿನ ತುದಿಯಲ್ಲಿ ಸಾಸಿವೆಗಿಂತ ಸಣ್ಣ ಗುಂಡೊಂದಿರುತ್ತದೆ. ಅದು ಉರುಳಿದಂತೆ ಮಸಿ ಇಳಿಯುತ್ತದೆ. ಅವನು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಆ ಗುಂಡನ್ನು ಒರೆಸಿದ, ಗಡಿಯಾರಕ್ಕೆ ಬಿಡುವ ಎಣ್ಣೆಯನ್ನು ಸೂಜಿಮೊನೆಯಲ್ಲಿ ಮುಟ್ಟಿಸಿದ.

ಪ್ರತಿ ಸಲ ಹೊಸ ಕಾರ್ಡಿನಲ್ಲಿ ಬರೆದು ನೋಡುತ್ತಿದ್ದ. ನಮಸ್ಕಾರಗಳು ಬೆಣ್ಣೆಯಲ್ಲಿ ಕೂದಲು ತೆಗೆದಂತೆ ಬರುತ್ತಿದ್ದವು. ಕ್ಷೇಮ ಅದಕ್ಕಿಂತ ಸರಾಗ. ಆದರೆ "ಅಂದು ನಾನು" ಎಂಬಲ್ಲಿ ಪೆನ್ನು ಮೊಂಡ ಕತ್ತೆಯಂತೆ ನಿಂತುಬಿಡುತ್ತಿತ್ತು. ಆ ಜಾಗದಲ್ಲಿ ಇಳಿಜಾರು ಸಾಲದಿರಬಹುದೆಂದು ಅವನು ಮೇಜಿನ ಕಾಲಿಗೆ ಹಂಚಿನ ಚೂರನ್ನೂ ಕೊಟ್ಟ.

ಪೆನ್ನಿನ ಸುದ್ದಿ ಊರಲ್ಲಿ ಹರಡಿತು. ಬರೆಯುವುದಿದ್ದವರು ಅವನ ಅಂಗಡಿಗೇ ಬರತೊಡಗಿದರು. ಮಾತು ಬಿಟ್ಟಿದ್ದ ಬೀಗರು ಅದೇ ಪೆನ್ನಿನಲ್ಲಿ ಬರೆದು ರಾಜಿಯಾದರು. ಪೂಜಾರಿಯ ಮುದಿ ತಾಯಿ ಕೂಡ ಅಕ್ಷರ ಕಲಿಯುವ ಆಸೆ ಹೇಳಿಕೊಂಡಳು. ಅಷ್ಟರಲ್ಲಿ ಕೂಸು ಬೋರಲು ಬಿತ್ತು, ಅಂಬೆಗಾಲಿಟ್ಟಿತು, ಗೋಡೆ ಹಿಡಿದು ನಿಂತಿತು. ಹೆಸರಿಲ್ಲದ್ದರಿಂದ ಒಬ್ಬೊಬ್ಬರು ಒಂದೊಂದು ರೀತಿ ಕರೆಯುತ್ತಿದ್ದರು. ಅದು ಎಲ್ಲದಕ್ಕೂ ತಿರುಗುತ್ತಿತ್ತು. ಪಕ್ಕದ ಮನೆಯವರು ಬೆಕ್ಕನ್ನು ಕರೆದರೂ ತಿರುಗುತ್ತಿತ್ತು.

"ಕೂಸಿಗೆ ಹಲ್ಲು ಬಂದವು. ನಿಮ್ಮ ಪೆನ್ನಿಗೆ ಇನ್ನೂ ಮಾತು ಬಂದಿಲ್ಲ" ಎಂದಳು ಹೆಂಡತಿ.

ಇನ್ನೊಂದು ಹನಿ ಎಣ್ಣೆ ಸಾಕು ಎಂದು ಅವನು ಹೇಳಿದ.

ಒಂದು ದಿನ ಅವನು ಕೈ ತೊಳೆಯಲು ಎದ್ದಾಗ ಕೂಸು ಮೇಜಿನ ಬಳಿಗೆ ಬಂತು. ಪೆನ್ನು ಅಷ್ಟು ಹಿತವಾಗಿತ್ತಲ್ಲ, ಅದರ ಸಣ್ಣ ಮುಷ್ಟಿಗೂ ಒಗ್ಗಿತು. "ಅಂದು ನಾನು" ಎಂಬಲ್ಲಿಂದ ಶುರುಮಾಡಿ ಕಾರ್ಡಿನ ಅಂಚು ದಾಟುವವರೆಗೂ ತಡೆಯಿಲ್ಲದೆ ಗೀಚಿತು. ಹೆಂಡತಿ ಬಂದು ನೋಡಿದಳು. ಕೂಸನ್ನು ಗದರಲಿಲ್ಲ. ಕಾರ್ಡು ತಿರುಗಿಸಿ ವಿಳಾಸ ಸರಿಯಿದೆಯೇ ಎಂದು ನೋಡಿದಳು. ಸೆರಗಿನಲ್ಲಿ ಮುಚ್ಚಿಕೊಂಡು ಹೋಗಿ ಅಂಚೆಪೆಟ್ಟಿಗೆಗೆ ಹಾಕಿ ಬಂದಳು. ಗಂಡನಿಗೆ ಹೇಳಲಿಲ್ಲ. ಒಂದು ಕಾರ್ಡು ಕಡಿಮೆಯಾದದ್ದು ಅವನಿಗೆ ತಿಳಿಯಲೂ ಇಲ್ಲ, ಅಷ್ಟು ಕಾರ್ಡುಗಳಿದ್ದವು.

ಅಕ್ಕ ಬಂದಳು. ಕೈಯಲ್ಲಿ ಕುಲಾವಿ ಇತ್ತು. ಅದು ಕೂಸಿನ ತಲೆಗೆ ಆಗಲೇ ಚಿಕ್ಕದಾಗಿತ್ತು.

"ತಮ್ಮಾ, ನಿನ್ನ ಕಾಗದ ಬಂತು. 'ಅಂದು ನಾನು' ಎಂದಾದ ಮೇಲೆ ಒಂದು ಅಕ್ಷರವೂ ತಿಳಿಯಲಿಲ್ಲ. ಕೈ ಅಷ್ಟು ನಡುಗಿದೆಯಲ್ಲ, ನನಗೆ ಅಷ್ಟೇ ಸಾಕು" ಎಂದಳು.

ಅಕ್ಕ ಚಾಚಿದ ಕಾರ್ಡಿನಲ್ಲಿ ಕೂಸಿನ ಗೀಚು ಕಂಡು ಅವನು ಹೆಂಡತಿಯ ಮುಖ ನೋಡಿದ. ಅವಳು ಮಾಡಿನ ತೊಲೆ ನೋಡುತ್ತಿದ್ದಳು. ಸುಮ್ಮನಿದ್ದರೆ ಎಲ್ಲವೂ ನುಣ್ಣಗೆ ಮುಗಿಯುತ್ತದೆ ಎಂದು ಅವನಿಗೆ ಹೊಳೆಯಿತು. ಅವನು ಬಯಸಿದ್ದೂ ನುಣುಪನ್ನೇ ಅಲ್ಲವೇ. ಆದರೂ ಬಾಯಿ ತೆರೆದ.

"ಅಕ್ಕಾ, ಅದು ಕೂಸು ಗೀಚಿದ್ದು. ನನ್ನ ಕೈಲಿ ಆಗಲಿಲ್ಲ. ಅಂದು ನಾನು ನಿನ್ನ ಮನೆಯಲ್ಲೇ ನಿನ್ನನ್ನು ನಗೆಪಾಟಲು ಮಾಡಿದೆ. ತಪ್ಪಾಯಿತು."

ಮಾತು ತಡೆತಡೆದು, ಒರಟಾಗಿ ಬಂತು. ಒಂದು ಹನಿ ಎಣ್ಣೆಯೂ ಅದರಲ್ಲಿರಲಿಲ್ಲ. ಅಕ್ಕ ಕಾರ್ಡನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು.

"ಆ ಬಾಗಿಲು ಈಗಲೂ ಕಿರುಚುತ್ತದೆ" ಎಂದಳು. "ಬರುವಾಗ ನಿನ್ನ ಎಣ್ಣೆ ತಗೊಂಡು ಬಾ."

ಹೆಸರಿಡುವ ದಿನ ಕೂಸು ತೊಟ್ಟಿಲಲ್ಲಿ ಹಿಡಿಸಲಿಲ್ಲ. ಕಾಲುಗಳು ಹೊರಗೆ ಚಾಚಿಕೊಂಡಿದ್ದವು. ಅತ್ತೆ ಬಗ್ಗಿ ಕಿವಿಯಲ್ಲಿ ಹೆಸರು ಹೇಳಿದಳು. ಹೆಂಗಸರು ಗುದ್ದಿದರು. ಕೂಸು ಎದ್ದು ನಿಂತು ತಾನೂ ಒಂದು ಗುದ್ದಿತು.

ಗುರುಗಳು ಇಲ್ಲಿಗೆ ಕತೆ ಮುಗಿಸಿದರು. ಮಡಿವಾಳಯ್ಯ ಬಹಳ ನಕ್ಕ. ನಕ್ಕು ಮುಗಿಸಿ, ಆ ಪೆನ್ನು ಈಗ ಯಾರ ಬಳಿ ಇದೆ ಎಂದು ವಿಚಾರಿಸಿದ.

ಗುರುಗಳು ಅವನ ಮುಂದಿದ್ದ ಬಿಳಿ ಹಾಳೆಯ ಕಡೆ ನೋಡಿದರು.

"ಪೆನ್ನು ಇರಲಿ. ಬೆಳಗಿನಿಂದ ಯಾರ ಹೆಸರು ಬರೆಯಲಾರದೆ ಕೂತಿದ್ದೀ, ಮಡಿವಾಳಯ್ಯಾ?"

ಶಿಷ್ಯ ಪೆನ್ನಿಗೆ ಸುತ್ತಿದ್ದ ಅರಿವೆಯನ್ನು ಮೆಲ್ಲಗೆ ಬಿಚ್ಚತೊಡಗಿದ.