ಬಿಗಿದ ತುಟಿಯ ಚಿತ್ರ

"ಗುರುಗಳೇ, ನನ್ನ ಹೆಂಡತಿ ಬಾಯಿಬಿಟ್ಟು ಏನೂ ಹೇಳುವುದಿಲ್ಲ. ಮುಖ ನೋಡಿ ಅವಳ ಮನಸ್ಸು ತಿಳಿಯುವುದು ಹೇಗೆ?" ಎಂದು ಶಿಷ್ಯನೊಬ್ಬ ಕೇಳಿದ.

ಗುರು ಒಂದು ಕತೆ ಹೇಳಿದರು.

ಊರಿಗೆ ಫೋಟೋ ಇನ್ನೂ ಬಂದಿರಲಿಲ್ಲ. ಅರಮನೆಯವರನ್ನು ನೋಡಿ ವರ್ತಕರೂ ಎಣ್ಣೆಬಣ್ಣದಲ್ಲಿ ಚಿತ್ರ ಬರೆಸುತ್ತಿದ್ದ ಕಾಲ. ಒಬ್ಬ ವರ್ತಕ ತನ್ನ ಹೆಂಡತಿಯ ಚಿತ್ರ ಬರೆಸಿ ನಡುಮನೆಯ ಗೋಡೆಗೆ ತೂಗುಹಾಕಿದ. ಐದು ವರ್ಷ ಅದರತ್ತ ತಿರುಗಿ ನೋಡಲಿಲ್ಲ. ಹೆಂಡತಿಯೇ ಮನೆಯಲ್ಲಿದ್ದಳಲ್ಲ.

ಆಮೇಲೆ ಅವಳು ಜ್ವರ ಬಂದು ತೀರಿಕೊಂಡಳು.

ಕರ್ಮಾಂತರ ಮುಗಿದು ನೆಂಟರು ಹೋದ ಮೇಲೆ ವರ್ತಕ ಚಿತ್ರದ ಮುಂದೆ ಕುಳಿತ. ಕಣ್ಣು ಅವಳದೇ. ಮೂಗುತಿ ಅವಳದೇ. ತುಟಿ ಮಾತ್ರ ಬಿಗಿದಿತ್ತು. ಮನೆಗೆ ಬಂದವರನ್ನೆಲ್ಲ ಕೇಳತೊಡಗಿದ. ಪುರೋಹಿತರು, "ಗಾಂಭೀರ್ಯ, ಯಜಮಾನರೇ" ಎಂದರು. ಭಾವಮೈದ, "ಅಕ್ಕ ನೊಂದುಕೊಂಡ ಹಾಗಿದೆ, ಭಾವ" ಎಂದ. ವರ್ತಕನಿಗೆ ಅನ್ನ ಇಳಿಯಲಿಲ್ಲ. ತನ್ನ ಜೊತೆ ಬಾಳಿ ಅವಳು ಸುಖಪಡಲಿಲ್ಲವೇ? ಅದೊಂದು ತಿಳಿಯಬೇಕಿತ್ತು.

ಚಿತ್ರಗಾರನನ್ನು ಕರೆಸಿದ. "ತುಟಿ ಹೀಗೆ ಯಾಕೆ ಬರೆದೆ? ಅವಳಿಗೆ ಸಿಟ್ಟಿತ್ತೇ? ನಿಜ ಹೇಳು."

ಚಿತ್ರಗಾರ ಹೇಳಿದ: "ಧಣಿ, ಮೊದಲ ದಿನ ನನ್ನ ಗಡ್ಡಕ್ಕೆ ಬಣ್ಣ ಹತ್ತಿತ್ತು. 'ನಿಮ್ಮ ಗಡ್ಡವನ್ನೂ ಬರೀತೀರೇನು' ಅಂತ ಅಮ್ಮನವರು ನಕ್ಕರು. ನಾನು ಆ ನಗುವನ್ನೇ ಬರೆದೆ. ಸಂಜೆ ನೀವು ನೋಡಿ, 'ಇದೇನು ಹಲ್ಲು ಕಿಸಿಯೋದು, ದೊಡ್ಡ ಮನೆತನದ ಹೆಂಗಸಿನ ಹಾಗೆ ಕೂತ್ಕೋ' ಅಂದಿರಿ. ಅವರು ಬಾಯಿ ಮುಚ್ಚಿಕೊಂಡರು. ನಾನು ನಗುವಿನ ಮೇಲೆ ಇನ್ನೊಂದು ಬಣ್ಣ ಹಚ್ಚಿದೆ."

ವರ್ತಕನಿಗೆ ಆ ಮಾತು ಆಡಿದ ನೆನಪೇ ಇರಲಿಲ್ಲ.

"ಹಾಗಾದರೆ ನಗು ಕೆಳಗೇ ಇದೆಯೇ?"

"ಇದೆ."

"ಕೆರೆದು ತೆಗೆ."

"ಬಣ್ಣ ಒಣಗಿ ಕಲ್ಲಾಗಿದೆ, ಧಣಿ. ಮೇಲಿನದರ ಜೊತೆ ಕೆಳಗಿನದೂ ಎದ್ದು ಬಂದರೆ ಈ ಮುಖವೂ ನಿಮಗೆ ಉಳಿಯುವುದಿಲ್ಲ."

ಚಿತ್ರಗಾರ ಚೂರಿಯ ತುದಿಯನ್ನು ತುಟಿಯ ಅಂಚಿಗೆ ಇಟ್ಟು ಅಪ್ಪಣೆಗೆ ಕಾದ. ವರ್ತಕ ಹೂಂ ಎಂದ. ಚೂರಿ ಅಲುಗಿದ್ದೇ ತಡ, ಬೇಡವೆಂದು ಚಿತ್ರಗಾರನ ಕೈ ಹಿಡಿದುಕೊಂಡ.

ಗುರು ಅಲ್ಲಿಗೆ ನಿಲ್ಲಿಸಿದರು.

"ಹಾಗಾದರೆ ಅವನು ಆ ನಗುವನ್ನು ಮತ್ತೆ ನೋಡಲೇ ಇಲ್ಲವೇ?" ಎಂದ ಶಿಷ್ಯ.

"ನಿನ್ನವಳು ನಿನ್ನೆದುರಿಗೆ ಕೊನೆಯ ಸಲ ನಕ್ಕಾಗ ನೀನು ಏನಂದೆ?" ಎಂದರು ಗುರು.