ಕಮಾನಿನ ಹಣ ಸೂರಾದದ್ದು

ಸಿದ್ಧನಕೊಪ್ಪದ ಮಠಕ್ಕೆ ಆಗ ಹಂಚಿನ ಮಾಡು, ಸಗಣಿ ಸಾರಿಸಿದ ನೆಲ. ಪೂಜ್ಯ ಹಾಲಲಿಂಗ ಶಿವಯೋಗಿಗಳು ಅಲ್ಲೊಂದು ಕಂಬಳಿಯ ಮೇಲೆ ಮಲಗುತ್ತ, ದಾಸೋಹದ ಪಂಕ್ತಿಯಲ್ಲಿ ಎಲ್ಲರೊಡನೆ ಕೂತು ಪ್ರಸಾದ ಸ್ವೀಕರಿಸುತ್ತಿದ್ದರು. ಇಂಥ ಮಠದ ಮುಂದೆ ಕಲ್ಲಿನ ಕಮಾನು ಏಳಬೇಕೆಂಬ ಹಂಬಲ ಹುಟ್ಟಿದ್ದು ಅವರಿಗಲ್ಲ, ಪುರಸಭೆಯ ಅಧ್ಯಕ್ಷರಾಗಿದ್ದ ಸಂಗನಬಸಪ್ಪ ಯಾದವಾಡರಿಗೆ. ಪಟ್ಟಣದ ಅಂದ ಹೆಚ್ಚಿಸಲೆಂದು ಸರ್ಕಾರ ಕೊಟ್ಟ ಅನುದಾನವನ್ನು ಅವರು ಇದಕ್ಕೇ ಎತ್ತಿಟ್ಟರು. ಅವರಲ್ಲಿ ಭಕ್ತಿ ಇತ್ತು, ಸುಳ್ಳಲ್ಲ. ಕಮಾನಿನ ಮೇಲೆ ಹೆಸರು ಕೆತ್ತಿಸಿಕೊಳ್ಳುವ ಆಸೆಯೂ ಅದಕ್ಕಿಂತೇನೂ ಕಡಿಮೆ ಇರಲಿಲ್ಲ.

ಮಠದ ಮುಂದಿನ ಕಟ್ಟೆಯ ಮೇಲೆ ಮನೆಯಿಲ್ಲದ ಕೆಲವರು ಮಲಗುತ್ತಿದ್ದರು. ಗುದ್ದಲಿ ಪೂಜೆಯ ಮುನ್ನಾದಿನ ಪುರಸಭೆಯ ಆಳುಗಳು ಮಾಗಿಯ ಚಳಿಯಲ್ಲಿ ಅವರನ್ನೆಲ್ಲ ಎಬ್ಬಿಸಿ ಕಳಿಸಿ, ಕಟ್ಟೆ ತೊಳೆದು ರಂಗೋಲಿ ಹಾಕಿದರು.

ಪೂಜೆ ಸಾಂಗವಾಗಿ ನಡೆಯಿತು. ನೆಲ ಅಗೆಯುವ ಮೊದಲು ಅಲ್ಲಿ ವಾಸವಿರುವ ಜೀವಿಗಳ ಕ್ಷಮೆ ಬೇಡಿ, ಬೇರೆಡೆಗೆ ತೆರಳಿರೆಂದು ವಿನಂತಿಸುವುದು ವಾಡಿಕೆ. ಸಂಗನಬಸಪ್ಪನವರು ಕೈಮುಗಿದು ಹಾಗೆಯೇ ಬೇಡಿಕೊಂಡು, ಕುಂಕುಮ ಹಚ್ಚಿದ ಗುದ್ದಲಿಯನ್ನು ಶಿವಯೋಗಿಗಳ ಮುಂದೆ ಹಿಡಿದರು. ಶಿವಯೋಗಿಗಳು ಕೈ ಚಾಚಲಿಲ್ಲ.

“ಯಾರ ಕ್ಷಮಾ ಕೇಳಿದಿ, ಸಂಗನಬಸಪ್ಪ?”

“ಇರುವಿ, ಹುಳಾ ಹುಪ್ಪಡಿ... ನೆಲದಾಗಿನ ಜೀವಾ ಎಲ್ಲಾ ಅಜ್ಜಾರ.”

“ಕಟ್ಟಿ ಮ್ಯಾಲಿನ ಜೀವಾ?”

ಅಧ್ಯಕ್ಷರ ಮುಖ ಕೆಂಪಾಯಿತು. “ಅವರು ಎಲ್ಲ್ಯರೆ ಮಲಗ್ತಾರ ಬಿಡ್ರಿ. ಕೆಲಸ ತಡಾ ಆದ್ರ ಅನುದಾನ ವಾಪಸ್ ಹೋಗ್ತೈತಿ.”

“ಹೋಗಿ ಅವರನ್ನ ಕೇಳಿ ಬಾ. ಅಲ್ಲೀತನಾ ನಾ ಗುದ್ದಲಿ ಮುಟ್ಟೂದಿಲ್ಲ” ಎಂದು ಶಿವಯೋಗಿಗಳು ನೆಲದ ಮೇಲೆ ಕುಳಿತುಬಿಟ್ಟರು.

ನೆರೆದ ಜನರೆದುರು ಅವಮಾನವಾಯಿತೆಂದು ಗೊಣಗುತ್ತಲೇ ಸಂಗನಬಸಪ್ಪನವರು ಹೊರಟರು. ಸಂತೆ ಬಯಲಿನ ಆಚೆ, ಮುರಿದ ಗೋಡೆಯ ಮರೆಯಲ್ಲಿ, ದ್ಯಾಮವ್ವನೆಂಬ ಮುದುಕಿ ಜ್ವರದಿಂದ ನಡುಗುತ್ತ ಮುದುರಿ ಮಲಗಿದ್ದಳು. ಬಿಳಿ ಬಟ್ಟೆಯವರು ಬಂದದ್ದು ಕಂಡು, ಅವರು ಬಾಯಿ ತೆರೆಯುವ ಮೊದಲೇ ಗಡಬಡಿಸಿ ಕೌದಿ ಸುತ್ತತೊಡಗಿದಳು.

“ಇಲ್ಲಿಂದೂ ಏಳಬೇಕೇನ್ರಿ ಸಾಹೇಬರ? ಕಾಲು ಹಿಡಕೊಂಡಾವು. ಒಂದ್ಚೂರು ತಡೀರಿ, ಹೋಗ್ತೀನಿ.”

ಕೇಳಲು ಬಂದ ಸಂಗನಬಸಪ್ಪನವರು ಅವಳ ಪಕ್ಕದ ಮಣ್ಣಿನಲ್ಲಿ ಕುಸಿದು ಕೂತು ಅತ್ತರು. ಆಮೇಲೆ ಆ ತಾಯಿಯನ್ನು ಎತ್ತಿಕೊಂಡು ಮಠಕ್ಕೆ ತಂದರು. ಶಿವಯೋಗಿಗಳು ತಮ್ಮ ಕಂಬಳಿಯನ್ನು ಅವಳಿಗೆ ಹೊದಿಸಿ ಇಷ್ಟೇ ಅಪ್ಪಣೆ ಕೊಡಿಸಿದರು: “ಕಮಾನು ಬ್ಯಾಡ. ಆ ರೊಕ್ಕದಾಗ ಇವರಿಗೊಂದು ಸೂರು ಮಾಡು.”

ಒಂದಕ್ಕೆ ಬಂದ ಅನುದಾನವನ್ನು ಇನ್ನೊಂದಕ್ಕೆ ತಿರುಗಿಸುವುದು ಸುಲಭವೇ? ಸದಸ್ಯರು ನಕ್ಕರು, ಸರ್ಕಾರದಿಂದ ಕಡತ ತಿರುಗಿ ಬಂತು. ಯಾದವಾಡರು ಪಟ್ಟು ಬಿಡಲಿಲ್ಲ. ಕೊನೆಗೆ ಒಪ್ಪಿಗೆ ದೊರೆತು ಸಂತೆ ಬಯಲಿನಲ್ಲಿ ಸೂರೆದ್ದಿತು. ಬೀದಿ ಬೀದಿ ಸುತ್ತಿ, ಮಲಗಲು ನೆಲೆಯಿಲ್ಲದವರನ್ನು ಹುಡುಕಿ ಕರೆತರಲು ಪುರಸಭೆ ಆಳುಗಳನ್ನೂ ನೇಮಿಸಿತು. ಅಲ್ಲಿ ಮೊದಲು ಹಾಸಿಗೆ ಹಾಸಿದ್ದು ದ್ಯಾಮವ್ವನಿಗೆ.

ಮುಂದಿನ ಚುನಾವಣೆಯಲ್ಲಿ ಯಾದವಾಡರು ಸೋತರು. ಆದರೂ ಸಂಜೆಯಾದರೆ ಆ ಆಳುಗಳೊಡನೆ ತಾವೂ ಹೊರಡುತ್ತಿದ್ದರು. ಅಂಗಡಿ ಜಗಲಿಯ ಮೇಲೆ ಮಲಗಿದ ಯಾರಾದರೂ ಹೆಜ್ಜೆ ಸಪ್ಪಳಕ್ಕೆ ಬೆದರಿದರೆ, ದೂರದಿಂದಲೇ ಕೈಮುಗಿದು ಹೇಳುತ್ತಿದ್ದರು: “ಏಳಬ್ಯಾಡ್ರಿ ಯಪ್ಪಾ, ಏಳಬ್ಯಾಡ್ರಿ. ನಾ ಕೇಳಾಕ ಬಂದೀನಿ.”